ಮೂವರ ಕೋಣೆಯಲ್ಲಿ ನಾಲ್ಕನೆಯವನ ಜಾಗ

"ನನ್ನ ಮಗನೇ ಹೌದ್ರಿ," ಎಂದರು ಗುರುಶಾಂತಮ್ಮ.

ಆಸ್ಪತ್ರೆಯ ಆಳು ಶವದ ಮುಖದ ಮೇಲಿನ ಬಟ್ಟೆಯನ್ನು ಇನ್ನೂ ಪೂರ್ತಿ ಸರಿಸಿರಲಿಲ್ಲ. ಗುರುಶಾಂತಮ್ಮನವರ ಕಣ್ಣು ಮುಖದ ಕಡೆ ಹೋಗಲೂ ಇಲ್ಲ. ಬಟ್ಟೆಯ ಕೆಳತುದಿಯಿಂದ ಹೊರಗೆ ಚಾಚಿದ್ದ ಎರಡು ಪಾದಗಳನ್ನು ನೋಡಿದರು, ಸೆರಗನ್ನು ಬಾಯಿಗೆ ಒತ್ತಿಕೊಂಡರು, ಹಾಗೆಂದರು, ಅಷ್ಟೇ. ಅಳು ಬರಲಿಲ್ಲ.

ಹರಿಹರದ ಆಸ್ಪತ್ರೆಯ ಹಿಂದಿನ ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದ ಪಂಚಾಕ್ಷರಪ್ಪನವರು ತಲೆ ತಗ್ಗಿಸಿದರು. ಪೊಲೀಸ್ ಕೆಲಸದಿಂದ ನಿವೃತ್ತರಾದ ಮೇಲೂ ಜನ ಅವರನ್ನು ಮನೆಯಲ್ಲಿ ಕೂಡಲು ಬಿಟ್ಟಿರಲಿಲ್ಲ. ಈ ಸಲ ಕರೆದದ್ದು ದಾವಣಗೆರೆಯ ವಿದ್ಯಾರ್ಥಿ ನಿಲಯದ ಕಮಿಟಿಯವರು. ತುಂಗಭದ್ರೆಯ ಸೇತುವೆಯ ಕೆಳಗೆ, ಬಂಡೆಗಳ ನಡುವೆ ಸಿಕ್ಕ ಈ ದೇಹದ ಅಂಗಿಯ ಕಾಲರಿನಲ್ಲಿ ಅಗಸರ ಗುರುತಿತ್ತು. ಆ ಗುರುತು ಅವರ ನಿಲಯದ ಒಂದು ಕೋಣೆಯದು. ಆ ಕೋಣೆಯ ಕರಿಬಸವರಾಜ ಎಂಬ ಹುಡುಗ ಗುರುವಾರ ಸಂಜೆಯಿಂದ ಕಾಣೆಯಾಗಿದ್ದ. ಇವತ್ತು ಶನಿವಾರ.

ಹರಿಹರದ ಸಬ್ ಇನ್ಸ್‌ಪೆಕ್ಟರ್ ಗುತ್ತೆಪ್ಪ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಅವನ ಮಟ್ಟಿಗೆ ಕೆಲಸ ಮುಗಿದಿತ್ತು. ಹುಡುಗ ನದಿಗೆ ಇಳಿದಿದ್ದಾನೆ, ಕಾಲು ಜಾರಿದೆ, ತಲೆ ಬಂಡೆಗೆ ಬಡಿದಿದೆ. ತಲೆಯ ಹಿಂದಿನ ಗಾಯ ಬಂಡೆಯದೂ ಇರಬಹುದು, ಕೈಯಲ್ಲಿ ಹಿಡಿದ ಕಲ್ಲಿನದೂ ಇರಬಹುದು ಎಂದು ಡಾಕ್ಟರು ಹೇಳಿದ್ದನ್ನು ಅವನು ಅರ್ಧ ಮಾತ್ರ ಕೇಳಿಸಿಕೊಂಡಿದ್ದ.

ಶವವನ್ನು ಅವರ ಊರು ಭಾನುವಳ್ಳಿಗೆ ಒಯ್ಯಲು ಗಾಡಿ ಮಾಡಿಸಿಕೊಡುವುದಾಗಿ ಅವನು ಹೇಳಿದ. ಗುರುಶಾಂತಮ್ಮ ಬೇಡವೆಂದರು. ಇಲ್ಲೇ, ಹರಿಹರದಲ್ಲೇ, ಇವತ್ತೇ ಆಗಿಬಿಡಲಿ ಎಂದರು.

ಪಂಚಾಕ್ಷರಪ್ಪನವರಿಗೆ ಇದು ಹಿಡಿಸಲಿಲ್ಲ. ಭಾನುವಳ್ಳಿ ದೂರದ ಊರಲ್ಲ. ಅಲ್ಲಿ ಇವರದೇ ಹೊಲವಿದೆ, ಹೊಲದಲ್ಲಿ ಗಂಡನ ಸಮಾಧಿಯಿದೆ. ಅಪ್ಪನ ಪಕ್ಕದಲ್ಲಿ ಮಗನನ್ನು ಮಲಗಿಸಲು ಒಲ್ಲೆ ಎನ್ನುವುದಕ್ಕೆ ಏನು ಕಾರಣ? ಕೇಳಬೇಕೆಂದು ಹೆಜ್ಜೆ ಮುಂದಿಟ್ಟವರು, ಆ ತಾಯಿಯ ಮುಖ ನೋಡಿ ಸುಮ್ಮನಾದರು. ಮಣ್ಣು ಮಾಡುವ ಹೊತ್ತಿಗೆ ಬಂದುಬಿಡುತ್ತೇನೆಂದು ಗುತ್ತೆಪ್ಪನಿಗೆ ಹೇಳಿ ದಾವಣಗೆರೆಯ ಬಸ್ಸು ಹತ್ತಿದರು.

*

ಮಗನನ್ನು ಓದಲು ಕಳಿಸಿದ ಯಾವ ತಾಯಿಯೂ ಆ ಕೋಣೆಯನ್ನು ನೋಡಬಾರದು.

ಇಬ್ಬರಿಗೆಂದು ಕಟ್ಟಿಸಿದ್ದ ಕೋಣೆ. ಹಳ್ಳಿಗಳಿಂದ ಕಾಲೇಜಿಗೆ ಬರುವ ಹುಡುಗರು ಹೆಚ್ಚಾದಂತೆ ಕಮಿಟಿಯವರು ಅಲ್ಲಿ ಮೂವರನ್ನು ಹಾಕಿದ್ದರು. ಒಂದು ಗೋಡೆಯುದ್ದಕ್ಕೂ ಟ್ರಂಕುಗಳು ಒಂದರ ಮೇಲೊಂದು. ಮೇಲಿನ ಟ್ರಂಕೇ ಮೇಜು. ಅದರ ಮೇಲೆ ಪುಸ್ತಕ, ಸೀಸೆ, ಹಣಿಗೆ, ಅರ್ಧ ತಿಂದ ಮಂಡಕ್ಕಿಯ ಪೊಟ್ಟಣ. ಬಾಗಿಲಿನಿಂದ ಕಿಟಕಿಗೆ ಎಳೆದ ತಂತಿಯ ಮೇಲೆ ಅಂಗಿಗಳು ಹೆಗಲಿಗೆ ಹೆಗಲು ತಾಗಿಸಿಕೊಂಡು ತೂಗುತ್ತಿದ್ದವು. ಒಳಗೆ ಬರುವವರು ಅವುಗಳ ಕೆಳಗೆ ಬಗ್ಗಿಯೇ ಬರಬೇಕು. ಹೊದ್ದ ಕೌದಿಯ ವಾಸನೆ, ತಲೆಗೆ ಹಚ್ಚಿದ ಎಣ್ಣೆಯ ವಾಸನೆ, ಒಣಗದ ಟವೆಲಿನ ವಾಸನೆ.

ಉಳಿದ ಇಬ್ಬರು ಹುಡುಗರು ಗೋಡೆಗೆ ಅಂಟಿ ನಿಂತಿದ್ದರು.

ಕೆಂಚವೀರಪ್ಪ ಗರಡಿಯ ಹುಡುಗ. ಅವನ ಭುಜ ಬಾಗಿಲಿನಷ್ಟೇ ಅಗಲ. ಬಾತಿಯ ಮಲ್ಲೇಶಪ್ಪ ತೆಳ್ಳಗೆ, ಕನ್ನಡಕದವನು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಗೆಳೆಯನ ಶವವನ್ನು ಅವನ ತಾಯಿ ಗುರುತಿಸಿದರೆಂದು ಪಂಚಾಕ್ಷರಪ್ಪನವರು ಹೇಳಿದಾಗ ಅವನು ಕುಸಿದು ಟ್ರಂಕಿನ ಮೇಲೆ ಕೂತುಬಿಟ್ಟ. ಕೆಂಚವೀರಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ.

ಗುರುವಾರ ಸಂಜೆ ಎಲ್ಲಿದ್ದಿರಿ ಎಂಬ ಪ್ರಶ್ನೆಗೆ ಕೆಂಚವೀರಪ್ಪನ ಉತ್ತರ ಸಿದ್ಧವಿತ್ತು. ಅಂದು ಊರಲ್ಲಿ ಕುಸ್ತಿ. ಅವನು ಹಿಡಿದ ಜೋಡಿ ಕೊನೆಯದು. ನೋಡಲು ಅರ್ಧ ದಾವಣಗೆರೆ ಸೇರಿತ್ತು. ಮುಂದಿನ ಸಾಲಿನಲ್ಲಿ ನಿಲಯದ ವಾರ್ಡನ್ನರೇ ಕೂತಿದ್ದರು, ಕುಸ್ತಿ ಮುಗಿದ ಮೇಲೆ ಇವನನ್ನು ಜತೆಗೇ ಕರೆದುಕೊಂಡು ಬಂದಿದ್ದರು. ಹೊರಗೆ ನಿಂತಿದ್ದ ವಾರ್ಡನ್ನರು ಸಂಕೋಚದಿಂದ ಹೌದೆಂದರು. ತಾವೇ ಕುಸ್ತಿಗೆ ಹೋಗಿದ್ದರಿಂದ ಅಂದು ರಾತ್ರಿ ಹಾಜರಿ ಕರೆದಿರಲಿಲ್ಲ ಎಂಬುದನ್ನೂ ಒಪ್ಪಿಕೊಂಡರು. ಮಲ್ಲೇಶಪ್ಪ ಎಲ್ಲಿಗೂ ಹೋಗಿರಲಿಲ್ಲವಂತೆ. ಪರೀಕ್ಷೆ ಹತ್ತಿರ ಬಂತು, ಓದುತ್ತ ಕೂತಿದ್ದೆ ಎಂದ.

ಶವದ ಮೇಲಿದ್ದ ಅಂಗಿ ಯಾರದು? ಗೀಟಿನ ಅಂಗಿ, ಜೇಬಿಗೆ ಬೇರೆ ಬಣ್ಣದ ದಾರ. ಕರಿಬಸವರಾಜನದೇ ಎಂದರು ಇಬ್ಬರೂ. ಅವನ ತಾಯಿಯೇ ಹೊಲಿದದ್ದು. ಆದರೆ ಅಗಸ ಒಂದು ಕೋಣೆಗೆ ಒಂದೇ ಗುರುತು ಹಾಕುತ್ತಾನೆ, ಗಂಟಿನಲ್ಲಿ ಬಂದದ್ದನ್ನೆಲ್ಲ ತಂತಿಗೆ ಹಾಕುತ್ತೇವೆ, ಬೆಳಿಗ್ಗೆ ಯಾವುದು ಕೈಗೆ ಸಿಕ್ಕಿತೋ ಅದನ್ನು ಹಾಕಿಕೊಂಡು ಹೋಗುತ್ತೇವೆ ಎಂದು ಕೆಂಚವೀರಪ್ಪ ಸೇರಿಸಿದ. ಅವನ ಅಂಗಿ ಮಾತ್ರ ಯಾರಿಗೂ ಆಗುವುದಿಲ್ಲ, ಯಾರದೂ ಅವನಿಗೆ ಆಗುವುದಿಲ್ಲ.

"ಇಷ್ಟು ಸಣ್ಣ ರೂಮಿನಾಗೆ ಹೆಂಗೆ ಇರ್ತೀರಿ ತಮ್ಮಾ?" ಎಂದು ಪಂಚಾಕ್ಷರಪ್ಪನವರು ಸುಮ್ಮನೆ ಕೇಳಿದರು.

"ಇರಾಕೇನ್ರಿ, ಇರ್ತೀವಿ," ಎಂದ ಕೆಂಚವೀರಪ್ಪ. "ಓದೋದು ಪಾಳಿ ಮ್ಯಾಲೆ. ಒಬ್ಬ ಟ್ರಂಕಿನ ಮುಂದೆ ಕೂತ್ರೆ ಇನ್ನೊಬ್ಬ ಕಿಟಕಿಯಾಗೆ. ಮಲಗೋದೇ ತ್ರಾಸು. ಒಬ್ಬ ಮಗ್ಗಲು ಬದಲಿಸಿದ್ರೆ ಎಲ್ರೂ ಎದ್ದು ಮಗ್ಗಲು ಬದಲಿಸಬೇಕು."

ಪಂಚಾಕ್ಷರಪ್ಪನವರು ನೆಲವನ್ನು ನೋಡಿದರು. ಹುಡುಗರ ಬೆನ್ನು ಉಜ್ಜಿ ಉಜ್ಜಿ ಗಾರೆ ನುಣುಪಾಗಿತ್ತು. ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆಗಳನ್ನು ಬಿಡಿಸಿ ಹಾಸಲು ಹೇಳಿದರು. ದಿನಾ ಮಲಗುವ ಹಾಗೆ ಮಲಗಿ ತೋರಿಸಿ ಎಂದರು.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಹೊರಗೆ ಮಿಲ್ಲಿನ ಪಾಳಿಯ ಕೂಗು ಆಯಿತು. ಕೆಂಚವೀರಪ್ಪ ಮೊದಲು ಉರುಳಿದ. ಅಷ್ಟು ದೊಡ್ಡ ಹುಡುಗ, ಗೋಡೆಗೆ ಮೂಗು ತಾಗುವ ಹಾಗೆ ಒಂದೇ ಮಗ್ಗಲಲ್ಲಿ, ಮೊಣಕಾಲು ಮಡಚಿ, ಹೊಟ್ಟೆಯಲ್ಲಿರುವ ಕೂಸಿನ ಹಾಗೆ ಮಲಗಿದ. ಮಲ್ಲೇಶಪ್ಪ ಅವನ ಕಾಲ ಕಡೆ ತಲೆ ಹಾಕಿ, ಟ್ರಂಕುಗಳಿಗೆ ಬೆನ್ನು ಒತ್ತಿ, ಕೈಗಳನ್ನು ಎದೆಯ ಮೇಲೆ ಮಡಚಿಕೊಂಡ.

"ಕರಿಬಸವರಾಜ ಎಲ್ಲಿ ಮಲಗ್ತಿದ್ದ?"

ಮಲ್ಲೇಶಪ್ಪ ಪಕ್ಕದ ಜಾಗವನ್ನು ಬೆರಳಿನಿಂದ ತೋರಿಸಿದ. ಪಂಚಾಕ್ಷರಪ್ಪನವರು ಕೋಟು ಬಿಚ್ಚಿ ಟ್ರಂಕಿನ ಮೇಲೆ ಇಟ್ಟರು. ಆಮೇಲೆ, ಬಾಗಿಲಲ್ಲಿದ್ದ ವಾರ್ಡನ್ನರು ಬಾಯಿ ತೆರೆದು ನೋಡುತ್ತಿದ್ದಂತೆ, ತಾವೂ ಆ ಜಾಗದಲ್ಲಿ ಮಲಗಿದರು.

ಅಂಗಾತ ಮಲಗಿದರೂ ಅವರ ಎಡಗೈ ಯಾರಿಗೂ ತಾಗಲಿಲ್ಲ. ಅವರಿಗೂ ಕೆಂಚವೀರಪ್ಪನಿಗೂ ನಡುವೆ ಒಂದು ಆಳು ಹಿಡಿಸುವಷ್ಟು ನೆಲ ಖಾಲಿ ಬಿದ್ದಿತ್ತು. ಆದರೂ ಅವನು ಗೋಡೆಗೆ ಅಂಟಿಕೊಂಡೇ ಇದ್ದ.

ಸೂರನ್ನು ನೋಡುತ್ತಲೇ ಪಂಚಾಕ್ಷರಪ್ಪನವರು ಕೇಳಿದರು.

"ಮೂವರಿಗೆ ಇಷ್ಟು ಜಾಗ ಐತೆ. ಇಷ್ಟು ಮುದುಡಿ ಮಲಗೋದು ಯಾಕ? ಈ ನಡುವಿನ ಜಾಗ ಯಾರದು?"

ತಾನು ಹೇಗೆ ಮಲಗಿದ್ದೇನೆಂದು ಕೆಂಚವೀರಪ್ಪ ಆಗ ಕಂಡುಕೊಂಡ. ಮೈ ತಾನಾಗಿಯೇ ಬಿಟ್ಟುಕೊಟ್ಟ ಜಾಗವನ್ನು ತಿರುಗಿ ನೋಡಿ, ಎದ್ದು ಕೂತ.

"ತಿಪ್ಪೇಶಂದ್ರಿ," ಎಂದ.

ವಾರ್ಡನ್ನರ ಮುಖ ಬಿಳುಚಿತು. ಅವರ ಹಾಜರಿ ಪಟ್ಟಿಯಲ್ಲಿ ಆ ಹೆಸರು ಇರಲಿಲ್ಲ.

ಉಳಿದದ್ದನ್ನು ಕೆಂಚವೀರಪ್ಪನೇ ಹೇಳಿದ. ಮಲ್ಲೇಶಪ್ಪ ನೆಲ ನೋಡುತ್ತ ಕೂತಿದ್ದ. ತಿಪ್ಪೇಶ ಆನಗೋಡಿನ ರಂಗವ್ವನ ಮಗ. ಅಪ್ಪನಿಲ್ಲ. ಕಾಲೇಜಿನಲ್ಲಿ ಜಾಗ ಸಿಕ್ಕಿತು, ನಿಲಯದಲ್ಲಿ ಸಿಗಲಿಲ್ಲ. ಮಳೆಗಾಲ ಶುರುವಾದಾಗ ಅವನು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಮಲಗುತ್ತಿದ್ದುದನ್ನು ಕರಿಬಸವರಾಜ ನೋಡಿದ, ಕೈ ಹಿಡಿದು ಕರೆದುಕೊಂಡು ಬಂದ, ನನ್ನ ಚಾಪೆಯಲ್ಲಿ ಅರ್ಧ ಇವನಿಗೆ ಎಂದ. ಅಂದಿನಿಂದ ದಿನವೂ ರಾತ್ರಿ ಹಾಜರಿ ಮುಗಿದ ಮೇಲೆ ಕಿಟಕಿಯ ಸಡಿಲ ಸರಳು ತೆಗೆದು ಒಳಗೆ ಬರುವುದು, ಬೆಳಕು ಹರಿಯುವ ಮೊದಲು ಹೊರಗೆ. ಊಟಕ್ಕೆ ಭಾನುವಳ್ಳಿಯ ಬಸ್ಸಿನಲ್ಲಿ ಬರುವ ರೊಟ್ಟಿ ಬುತ್ತಿ. ಮಗ ಒಂದು ಮಾತು ಹೇಳಿ ಕಳಿಸಿದ್ದಕ್ಕೇ ಗುರುಶಾಂತಮ್ಮ ಬುತ್ತಿಯನ್ನು ಎರಡರಷ್ಟು ಮಾಡಿದ್ದರು. ದೀಪಾವಳಿಗೆ ಅವನನ್ನೂ ಮನೆಗೆ ಕರೆಸಿಕೊಂಡು ತಲೆಗೆ ಎಣ್ಣೆ ಹಚ್ಚಿದ್ದರಂತೆ.

"ನನಗೆ ಬ್ಯಾಡಾಗಿತ್ರಿ," ಎಂದ ಕೆಂಚವೀರಪ್ಪ. "ವಾರ್ಡನ್‌ಗೆ ಹೇಳ್ತೀನಿ ಅಂತ ಕರಿಬಸವನ ಜೋಡಿ ಜಗಳಾನೂ ಮಾಡೀನಿ. ಅವರವ್ವ ಬುತ್ತಿ ತಂದಾಗ ಅವರ ಮುಂದೇನೇ ಮಾಡೀನಿ. ಹೇಳಾಕೆ ಬಾಯಿ ಬರಲಿಲ್ಲ. ಹೇಳಿದ್ರೆ ನಾವೆಲ್ಲ ಬೀದಿಗೆ ಬೀಳ್ತಿದ್ವಿ."

ಆ ತಿಪ್ಪೇಶ ಈಗ ಎಲ್ಲಿ? ಗುರುವಾರದಿಂದ ಅವನೂ ಬಂದಿಲ್ಲ. ಊರಿಗೆ ಹೋಗಿರಬೇಕು ಅಂದುಕೊಂಡಿದ್ದೆವು ಎಂದರು ಇಬ್ಬರೂ. ಹುಡುಕಿಕೊಂಡು ಹೋಗುವಂತಿರಲಿಲ್ಲ, ಕೋಣೆಯಲ್ಲಿ ಇಲ್ಲದವನು ಕಾಣೆಯಾದನೆಂದು ಯಾರ ಹತ್ತಿರ ಹೇಳುವುದು?

ಪಂಚಾಕ್ಷರಪ್ಪನವರು ಎದ್ದು ಕೋಟಿನ ಧೂಳು ಕೊಡವಿದರು. ಹೆಸರಿಲ್ಲದೆ ಬಂದವನು, ಹೆಸರಿಲ್ಲದೆ ಹೋದವನು. ಚಾಪೆ ಹಂಚಿಕೊಂಡವನನ್ನೇ ನದಿಗೆ ತಳ್ಳಿ ಓಡಿದನೇ? ಅವರ ಮನಸ್ಸು ಅಲ್ಲಿಗೆ ಹೋಯಿತು. ಅಲ್ಲಿಗೆ ಹೋಗುವುದು ಸುಲಭವೂ ಆಗಿತ್ತು. ಠಾಣೆಯಿಂದ ಒಬ್ಬ ಕಾನ್‌ಸ್ಟೇಬಲನನ್ನು ಕರೆಸಿ, ಗುರುತು ಹಿಡಿಯಲು ಕೆಂಚವೀರಪ್ಪನನ್ನು ಜೊತೆ ಮಾಡಿ, ಆನಗೋಡಿಗೆ ಕಳಿಸಿದರು. ತಿಪ್ಪೇಶ ಮನೆಯಲ್ಲಿದ್ದರೆ ಹಿಡಿದು ತರಬೇಕು.

ಮಲ್ಲೇಶಪ್ಪ ಒಂದೇ ಒಂದು ಮಾತು ಕೇಳಿದ. ಗೆಳೆಯನ ಮುಖ ಕೊನೆಯ ಸಲ ನೋಡಬೇಕು, ತನ್ನನ್ನೂ ಹರಿಹರಕ್ಕೆ ಕರೆದೊಯ್ಯುತ್ತೀರಾ ಎಂದ. ಬೇಡ ಎನ್ನಲು ಅವರಿಗೆ ಮನಸ್ಸು ಬರಲಿಲ್ಲ. ಬಸ್ಸಿನಲ್ಲಿ ಅವನು ದಾರಿಯುದ್ದಕ್ಕೂ ಕಿಟಕಿಯ ಸರಳಿಗೆ ಹಣೆ ಒತ್ತಿ ಕೂತಿದ್ದ.

*

ನದಿಯ ದಂಡೆಯ ರುದ್ರಭೂಮಿಯಲ್ಲಿ ಜನ ಹೆಚ್ಚಿರಲಿಲ್ಲ. ಗುಂಡಿ ತೋಡಿದವರು ಸಲಿಕೆಗೆ ಒರಗಿ ನಿಂತಿದ್ದರು. ಮಣ್ಣಿನ ವಿಧಿ ನಡೆಸುವ ಅಯ್ಯನವರು ಬಂದಿದ್ದರು. ಗುರುಶಾಂತಮ್ಮನವರ ಪಕ್ಕದಲ್ಲಿ ಅವರ ತಂಗಿ, ಹರಿಹರದಲ್ಲೇ ಸಂಸಾರ ಮಾಡಿಕೊಂಡಿದ್ದ ಮರುಳಸಿದ್ದಮ್ಮ, ಅಕ್ಕನ ತೋಳು ಹಿಡಿದು ನಿಂತಿದ್ದರು. ಭಾನುವಳ್ಳಿಯಿಂದ ಒಬ್ಬರೂ ಬಂದಿರಲಿಲ್ಲ. ಊರಿಗೆ ಸುದ್ದಿ ಹೇಳಿಯೇ ಇಲ್ಲವೆಂದು ಸಲಿಕೆಯವನೊಬ್ಬ ಪಿಸುಗುಟ್ಟಿದ.

ಮುಖ ಸಮೇತ ಸುತ್ತಿ ಕಟ್ಟಿದ ದೇಹದ ಕಾಲ ಬಳಿ ಮಲ್ಲೇಶಪ್ಪ ಬಿದ್ದ. ನೆಲಕ್ಕೆ ಹಣೆ ಹಚ್ಚಿ ಅತ್ತ ಅಳು ಕೇಳಿ ಗುಂಡಿ ತೋಡಿದವರೂ ಮುಖ ತಿರುಗಿಸಿದರು. ಗುರುಶಾಂತಮ್ಮ ಬಗ್ಗಿ ಅವನನ್ನು ಎತ್ತಿದರು. ಸೆರಗಿನಿಂದ ಅವನ ಕಣ್ಣು ಒರೆಸಿ, ಭುಜ ಬಳಸಿ, ಬೇವಿನ ಮರದ ಮರೆಗೆ ಕರೆದೊಯ್ದು ಏನೋ ಸಮಾಧಾನ ಹೇಳತೊಡಗಿದರು. ಪಂಚಾಕ್ಷರಪ್ಪನವರು ಅತ್ತ ನೋಡಬಾರದೆಂದು ನದಿಯ ಕಡೆ ನೋಡಿದರು.

ಗುರುಶಾಂತಮ್ಮ ಒಬ್ಬರೇ ಮರಳಿ ಬಂದಾಗ ಅಯ್ಯನವರು ಸಿದ್ಧರಾಗಿ ನಿಂತಿದ್ದರು. ಹುಡುಗನ ಇಷ್ಟಲಿಂಗ ಕೊಡಿ, ಕೈಯಲ್ಲಿ ಇಡಬೇಕು ಎಂದರು.

ನದಿಯಲ್ಲಿ ಹೋಯಿತು ಎಂದರು ಗುರುಶಾಂತಮ್ಮ.

ಪರವಾಗಿಲ್ಲ, ಬೇರೊಂದು ತಂದಿದ್ದೇನೆ, ಮಂತ್ರ ಹೇಳಿ ಕಟ್ಟುತ್ತೇನೆ, ಹುಡುಗನ ಹೆಸರು ಹೇಳಿ ಎಂದು ಅಯ್ಯನವರು ಚೀಲಕ್ಕೆ ಕೈ ಹಾಕಿದರು.

"ಬ್ಯಾಡ್ರಿ ಅಯ್ಯನವರೇ. ಹಂಗೇ ಇಟ್ಟುಬಿಡ್ರಿ."

ಅಯ್ಯನವರ ಕೈ ಚೀಲದಲ್ಲೇ ನಿಂತಿತು. ಇಷ್ಟು ವರ್ಷಗಳ ಕಾಯಕದಲ್ಲಿ ಆ ಮಾತನ್ನು ಅವರು ಕೇಳಿರಲಿಲ್ಲ. ಹೋಗಲಿ, ಹೆಸರಾದರೂ ಹೇಳು ತಾಯಿ ಎಂದರು. ಗುರುಶಾಂತಮ್ಮನವರ ತುಟಿ ಅಲುಗಿತು, ಹೆಸರು ಹೊರಡಲಿಲ್ಲ.

ಪಂಚಾಕ್ಷರಪ್ಪನವರೂ ಕೊರಳಲ್ಲಿ ಲಿಂಗ ಧರಿಸಿದವರೇ; ಹೆತ್ತ ತಂದೆಯ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಟ್ಟವರೇ. ಬೆಳಿಗ್ಗೆಯಿಂದ ಕಂಡದ್ದೆಲ್ಲ ಅವರ ಕಣ್ಣ ಮುಂದೆ ಒಂದರ ಪಕ್ಕ ಒಂದು ಬಂದು ಕೂತಿತು. ಮುಖ ನೋಡದ ತಾಯಿ. ಊರಿನವರ ಕಣ್ಣಿಗೆ ಬೀಳದ ಹಾಗೆ ಮಾಡಿದ ಮಣ್ಣು. ಗಂಡನ ಸಮಾಧಿಯ ಪಕ್ಕ ಬೇಡವೆಂದ ದೇಹ.

ಅಯ್ಯನವರಿಗೆ ಸ್ವಲ್ಪ ತಡೆಯಲು ಸನ್ನೆ ಮಾಡಿ, ಅಕ್ಕತಂಗಿಯರಿಬ್ಬರನ್ನೂ ಪಕ್ಕಕ್ಕೆ ಕರೆದರು.

"ಪೊಲೀಸರಿಗೆ ಸುಳ್ಳು ಹೇಳಿದ್ರಿ ತಾಯಿ. ಡಾಕ್ಟರಿಗೆ ಹೇಳಿದ್ರಿ. ಶಿವನ ಮುಂದೆ ಹೇಳಾಕೆ ಆಗಲಿಲ್ಲ."

ಗುರುಶಾಂತಮ್ಮ ಸೆರಗನ್ನು ಬಿಗಿಯಾಗಿ ಎಳೆದುಕೊಂಡರು.

"ಬದುಕಿರೋ ಮಗನ ಹೆಸರು ಹೇಳಿ ಲಿಂಗ ಕಟ್ಟಿಸಿ ಮಣ್ಣು ಮಾಡಾಕೆ ಯಾವ ತಾಯಿಗೂ ಕೈ ಬರಲ್ಲ. ನಿಮ್ಮ ಮಗ ಬದುಕ್ಯಾನೆ. ಹೌದಲ್ರಿ?"

ಗುರುಶಾಂತಮ್ಮ ನಿಂತಲ್ಲೇ ಕುಕ್ಕರಿಸಿದರು. ಮರುಳಸಿದ್ದಮ್ಮ ಅಕ್ಕನ ತಲೆಯನ್ನು ತಮ್ಮ ಸೊಂಟಕ್ಕೆ ಒತ್ತಿಕೊಂಡರು. ಬೆಳಿಗ್ಗೆಯಿಂದ ಬಾರದಿದ್ದ ಅಳು ಈಗ ಬಂತು. ಸದ್ದಿಲ್ಲದೆ, ಮೈಯೆಲ್ಲ ನಡುಗಿಸುತ್ತ.

"ಕಾಲು ನೋಡಿದೆ ಸಾಹೇಬ್ರೆ," ಎಂದರು ಕೊನೆಗೆ. "ನನ್ನ ಮಗನ ಕಾಲು ಅಲ್ಲ ಅದು. ದೀಪಾವಳಿಗೆ ಎಣ್ಣೆ ಹಚ್ಚಿ ತೊಳೆದಿದ್ದೆ, ಆ ಕಾಲು. ತಿಪ್ಪೇಶಿ. ನನ್ನ ರೊಟ್ಟಿ ತಿಂದ ಕೂಸು."

ಪಂಚಾಕ್ಷರಪ್ಪನವರು ಗುಂಡಿಯ ಕಡೆ ತಿರುಗಿ ನೋಡಿದರು. ಇದೇ ಹೊತ್ತಿನಲ್ಲಿ ಆನಗೋಡಿನಲ್ಲಿ ಒಬ್ಬ ಕಾನ್‌ಸ್ಟೇಬಲ್ ರಂಗವ್ವನ ಬಾಗಿಲಲ್ಲಿ ನಿಂತು, ನಿನ್ನ ಮಗ ಕೊಲೆಗಾರ, ಎಲ್ಲಿ ಬಚ್ಚಿಟ್ಟಿದ್ದೀಯ ಎಂದು ಕೇಳುತ್ತಿರಬಹುದು. ಕಳಿಸಿದವರು ಅವರೇ. ಆ ಮಗ ಇಲ್ಲಿ, ಹೆಸರಿಲ್ಲದೆ, ಬೇರೆಯವರ ಗುಂಡಿಯ ಅಂಚಿನಲ್ಲಿ ಮಲಗಿದ್ದಾನೆ. ಅದನ್ನು ಅವರು ಹೇಳಿಯೇ ಬಿಟ್ಟರು. ಹೇಳದೆ ಇರಲು ಆಗಲಿಲ್ಲ.

ಗುರುಶಾಂತಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

"ಗೊತ್ತೈತ್ರಿ. ಅವನೂ ಒಬ್ಬ ತಾಯಿ ಮಗ. ಆಕೀಗೆ ಹೇಳದಂಗೆ ಆಕೀ ಮಗನ್ನ ಮಣ್ಣಿಗೆ ಹಾಕಾಕೆ ನಿಂತೀನಿ. ಇದಕ್ಕಿಂತ ದೊಡ್ಡ ಪಾಪ ಯಾವುದೈತೆ? ಆದ್ರೆ ನನ್ನ ಮಗ ಸತ್ತ ಅಂದ್ರೆ ಅವನ್ನ ಹುಡುಕೋದು ಬಿಡ್ತಾರೆ ಅಂತ ತಿಳ್ಕೊಂಡೆ. ಅಷ್ಟೇ ನನಗೆ ಹೊಳೆದದ್ದು."

ಯಾರು ಹುಡುಕುತ್ತಾರೆ ಎಂದು ಕೇಳಿದಾಗ ಮಾತು ಮುಂದುವರಿಸಿದ್ದು ಮರುಳಸಿದ್ದಮ್ಮ. ಶುಕ್ರವಾರ ಕೋಳಿ ಕೂಗುವ ಹೊತ್ತಿಗೆ ಕರಿಬಸವರಾಜ ಅವರ ಮನೆಯ ಬಾಗಿಲು ಬಡಿದಿದ್ದ. ತಲೆಯಿಂದ ಕಾಲಿನವರೆಗೆ ನೀರು ಸುರಿಯುತ್ತಿತ್ತು. ಸಂಜೆ ತಿಪ್ಪೇಶಿಯನ್ನು ನೀರಿನಿಂದ ಎಳೆಯಲು ಹೋಗಿದ್ದನಂತೆ, ಕೈಗೆ ಸಿಗಲಿಲ್ಲವಂತೆ, ರಾತ್ರಿಯೆಲ್ಲ ದಂಡೆಯ ನೀರಿನಲ್ಲೇ ಅಡಗಿದ್ದನಂತೆ. ಅಷ್ಟು ಹೇಳಿ ಮಲಗಿದವನಿಗೆ ಜ್ವರ ಏರಿತು. ಆಮೇಲೆ ಆಡಿದ್ದೆಲ್ಲ ತುಂಡು ತುಂಡು ಮಾತು. ಅಕ್ಕ ಆಸ್ಪತ್ರೆಗೆ ಬರುವ ಸುದ್ದಿ ತಿಳಿದು, ಇವತ್ತು ಬೆಳಿಗ್ಗೆ ಗೇಟಿನಲ್ಲೇ ಕಾದು ನಿಂತು ಕಿವಿಯಲ್ಲಿ ಹೇಳಿದ್ದರು.

"ಏನು ಮಾತು? ನೆನಪಿದ್ದಷ್ಟು ಹೇಳ್ರಿ."

"ಅಂಗಿ ನೋಡಿ ನಾನಂತ ತಿಳಿದು ತಿಪ್ಪೇಶಿನ್ನ ಹೊಡೆದ ಅಂತಾನೆ," ಎಂದರು ಮರುಳಸಿದ್ದಮ್ಮ. "ಅಂವ ನಮ್ಮ ರೂಮಿನೋನೇ ಚಿಗವ್ವ, ಅವನಿಗೆ ನಾನಿಲ್ಲಿ ಅದೀನಿ ಅಂತ ಹೇಳಬ್ಯಾಡ ಅಂತಾನೆ. ಹೆಸರು ಕೇಳಿದ್ರೆ ಹಲ್ಲು ಕಟ್ತಾನೆ."

"ಹೆಸರು ಯಾಕ ಬೇಕ್ರಿ, ಆ ಕೆಂಚವೀರಪ್ಪನೇ," ಎಂದರು ಗುರುಶಾಂತಮ್ಮ ತಲೆಯೆತ್ತಿ. "ಜಾಗದ ಸಲುವಾಗಿ ನನ್ನ ಮುಂದೇನೇ ನನ್ನ ಮಗನ ಮ್ಯಾಲೆ ಕೈ ಎತ್ತಿದ್ದ. ಅವನ್ನ ಹಿಡೀರಿ ಸಾಹೇಬ್ರೆ. ಆಮೇಲೆ ನನ್ನ ಜೈಲಿಗೆ ಹಾಕ್ರಿ, ಬರ್ತೀನಿ."

ಕೆಂಚವೀರಪ್ಪ. ಗುರುವಾರ ಸಂಜೆ ಅರ್ಧ ದಾವಣಗೆರೆಯ ಕಣ್ಣ ಮುಂದೆ ಮಣ್ಣು ಮೆತ್ತಿಕೊಂಡು ನಿಂತಿದ್ದವನು. ವಾರ್ಡನ್ನರ ಕೈ ಹಿಡಿದು ನಿಲಯಕ್ಕೆ ಮರಳಿದವನು.

ಪಂಚಾಕ್ಷರಪ್ಪನವರು ಬೇವಿನ ಮರದ ಕಡೆ ತಿರುಗಿದರು. ಮರದ ಕೆಳಗೆ ಯಾರೂ ಇರಲಿಲ್ಲ. ನದಿಯ ಮೆಟ್ಟಿಲ ಮೇಲೆ ಇಲ್ಲ. ಗುಂಡಿಯ ಬಳಿ ಸಲಿಕೆಯವರು ಮತ್ತು ಅಯ್ಯನವರು ಮಾತ್ರ.

"ತಾಯಿ, ಮಲ್ಲೇಶಪ್ಪ ಎಲ್ಲಿ?"

ಗುರುಶಾಂತಮ್ಮನವರ ಮುಖದಲ್ಲಿ, ಅಳುವಿನ ನಡುವೆಯೂ, ಒಂದು ಗಳಿಗೆ ನೆಮ್ಮದಿ ಕಾಣಿಸಿತು.

"ಒಳ್ಳೇ ಹುಡುಗ ಅವನು. ನೋಡಿದ್ರಲ್ಲ, ಎಷ್ಟು ಅತ್ತ. ಅಷ್ಟು ಅಳೋನ ಮುಂದೆ ಮುಚ್ಚಿಡಾಕೆ ನನಗಾಗಲಿಲ್ಲ. ನಿನ್ನ ಗೆಳೆಯ ಬದುಕ್ಯಾನೆ, ಅಳಬ್ಯಾಡ ಅಂದೆ. ಆಸ್ಪತ್ರೆಯಾಗೆ ಜ್ವರದ ಔಷಧ ಇಸಕೊಂಡಿದ್ದೆ. ಮಣ್ಣಾಗೋತನಕ ನಾನಿಲ್ಲಿಂದ ಏಳಂಗಿಲ್ಲ, ನನ್ನ ಮಗನ ಬಾಯಿಗೆ ಒಂದು ಗುಟುಕು ಹಾಕಿ ಬಾರಪ್ಪ ಅಂತ ಕೊಟ್ಟು ಕಳಿಸೀನಿ."

ಪಂಚಾಕ್ಷರಪ್ಪನವರು ಆಗಲೇ ಹೆಜ್ಜೆ ಕಿತ್ತಿದ್ದರು. ನಾಲ್ಕು ಹೆಜ್ಜೆ ಹೋಗಿ, ಮನೆ ಎಲ್ಲೆಂದು ಗೊತ್ತಿಲ್ಲದೆ, ಮತ್ತೆ ತಿರುಗಿದರು.

"ಕೆಂಚವೀರಪ್ಪ ಅಲ್ಲ ತಾಯಿ. ಗುರುವಾರ ಅಂವ ದಾವಣಗೆರೆ ಬಿಟ್ಟಿಲ್ಲ. ಆ ರೂಮಿನಾಗೆ ಇನ್ನು ಉಳಿದೋನು ಒಬ್ಬನೇ."

ಗುರುಶಾಂತಮ್ಮ ಏಳಲು ಹೋದರು. ತಂಗಿಯ ಸೀರೆಯನ್ನು ಮುಷ್ಟಿಯಲ್ಲಿ ಹಿಡಿದು ಮೇಲೆ ನೋಡಿದರು.

"ಸಿದ್ದವ್ವ, ಮನ್ಯಾಗೆ ಯಾರದಾರೆ?"

ಮರುಳಸಿದ್ದಮ್ಮನವರ ಗಂಡ ಅಂಗಡಿಯಲ್ಲಿ. ತಾವು ಇಲ್ಲಿ, ಅಕ್ಕನ ಜೊತೆ.

"ಯಾರೂ ಇಲ್ಲಕ್ಕ," ಎಂದರು. "ಜ್ವರದಾಗೆ ಎದ್ದು ಚಿಲಕ ತೆಗೆಯೋದು ಅವನಿಗೆ ಆಗಲ್ಲ ಅಂತ, ಬಾಗ್ಲು ಬರೇ ಮುಂದೆ ಮಾಡಿ ಬಂದೀನಿ."